ಯುದ್ಧದ ಚಿತ್ರದಲ್ಲಿ ಅಡಿಗೆಮನೆ ಎಲ್ಲಿ?

ರಾತ್ರಿ ಊಟವಾಗಿ, ಒಲೆಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ ಹೊರಗೆ ಬಂದರೆ ನಮ್ಮ ನಡುಮನೆಯಲ್ಲಿ ಬಾಂಬು ಬೀಳುತ್ತಿರುತ್ತದೆ! ಬೇಸಿಗೆ ರಜೆಗೆಂದು ಬಂದ ಮೊಮ್ಮಗ ತಾತನಿಗೆ ನೆಟ್‌ಫ್ಲಿಕ್ಸ್ ಹಾಕಿಕೊಡಲು ಕಲಿಸಿದ. ಅಂದಿನಿಂದ ಇಬ್ಬರಿಗೂ ಯುದ್ಧದ ಸಾಕ್ಷ್ಯಚಿತ್ರ ನೋಡುವ ಹುಚ್ಚು. ಒಂದು ಕಂತು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದಲ್ಲ, ಎದ್ದು ಆರಿಸುವವರು ಯಾರು? "ಬಾ ಅಜ್ಜಿ, ಸ್ಟಾಲಿನ್‌ಗ್ರಾಡ್ ಬರ್ತಿದೆ" ಎಂದು ಹುಡುಗ ಕರೆಯುವುದು ಥೇಟ್ ಕ್ರಿಕೆಟ್ ಮ್ಯಾಚಿಗೆ ಕರೆದ ಹಾಗೆ. "ನನಗ್ಯಾಕಪ್ಪಾ ಆ ರಕ್ತಪಾತ" ಎಂದು ಮೊದಮೊದಲು ಮಲಗಲು ಹೋಗುತ್ತಿದ್ದೆ.

ಒಂದು ರಾತ್ರಿ ಸೊಪ್ಪು ಬಿಡಿಸುತ್ತಾ ಅಲ್ಲೇ ಕೂತೆ. ಎರಡನೇ ಮಹಾಯುದ್ಧದ ದೊಡ್ಡ ಘಟನೆಗಳನ್ನು ಬಣ್ಣದಲ್ಲಿ ತೋರಿಸುವ, 2019ರಲ್ಲಿ ಬಂದ 10 ಕಂತಿನ ಮಾಲಿಕೆ ಅದು. ಬ್ರಿಟನ್ನಿನ ಆಕಾಶದ ಕಾಳಗ, ಪರ್ಲ್ ಹಾರ್ಬರ್, ಸ್ಟಾಲಿನ್‌ಗ್ರಾಡ್, ಡ್ರೆಸ್ಡೆನ್ನಿನ ಬೆಂಕಿ, ಕೊನೆಗೆ ಹಿರೋಶಿಮಾ. ಆ ಕಾಲದ ಕಪ್ಪು-ಬಿಳುಪು ಚಿತ್ರಗಳಿಗೆ ಈಗ ಬಣ್ಣ ಕೊಟ್ಟಿದ್ದಾರೆ. ಬಣ್ಣ ಬಂದೊಡನೆ ಆ ಸೈನಿಕರು ಪಕ್ಕದ ಬೀದಿಯ ಹುಡುಗರಂತೆ ಕಾಣುತ್ತಾರೆ, ನಿಜ. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನನಗೆ ಒಂದೇ ಯೋಚನೆ: ಇಷ್ಟು ಟ್ಯಾಂಕು, ಇಷ್ಟು ವಿಮಾನ ತೋರಿಸುತ್ತಾರಲ್ಲ, ಈ ಊರುಗಳಲ್ಲಿ ಒಲೆ ಹೊತ್ತಿಸುತ್ತಿದ್ದವರು ಯಾರು? ಅದರ ಮೇಲೆ ಏನು ಬೇಯುತ್ತಿತ್ತು?

ಅದಕ್ಕೆ ಉತ್ತರ ಕೊಟ್ಟದ್ದು ಇನ್ನೂ ಹಳೆಯ ಮಾಲಿಕೆ, ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ 1973ರಲ್ಲಿ ಶುರುವಾದ 'ದಿ ವರ್ಲ್ಡ್ ಅಟ್ ವಾರ್'. 26 ಕಂತು, ವಿವರಣೆಯ ದನಿ ಹೆಸರಾಂತ ನಟ ಲಾರೆನ್ಸ್ ಒಲಿವಿಯೆ ಅವರದು. ಅದರ ರಷ್ಯಾದ ಕಂತಿನಲ್ಲಿ ಲೆನಿನ್‌ಗ್ರಾಡ್ ನಗರ ಬರುತ್ತದೆ. 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ ಜರ್ಮನ್ ಸೇನೆ ಆ ಊರನ್ನು ಮುತ್ತಿತ್ತು. ಮೊದಲ ಚಳಿಗಾಲದಲ್ಲೇ ಕಾಳು ಮುಗಿಯಿತು. ನವೆಂಬರ್ 20ರಿಂದ ಸುಮಾರು ಐದು ವಾರ ಕಾರ್ಖಾನೆ ಕೆಲಸಗಾರನಿಗೆ ದಿನಕ್ಕೆ 250 ಗ್ರಾಂ ಬ್ರೆಡ್ಡು. ಮಕ್ಕಳಿಗೆ ಮತ್ತು 'ಅವಲಂಬಿತ'ರಿಗೆ 125 ಗ್ರಾಂ. ಈ ಅವಲಂಬಿತರು ಯಾರೆಂದುಕೊಂಡಿರಿ? ಮುದುಕರು, ಮತ್ತು ಹೊರಗೆ ದುಡಿಯದ ಗೃಹಿಣಿಯರು! ಹಿಮದಲ್ಲಿ ಕ್ಯೂ ನಿಂತು, ಹೆಪ್ಪುಗಟ್ಟಿದ ನದಿಯಿಂದ ನೀರು ಹೊತ್ತು, ಮಕ್ಕಳನ್ನು ಉಳಿಸಿಕೊಳ್ಳಲು ಹೆಣಗಿದವಳು ಸರ್ಕಾರದ ಚೀಟಿಯಲ್ಲಿ ಏನೂ ಕೆಲಸವಿಲ್ಲದವಳು.

ಮಾರನೆಯ ದಿನ ತಡೆಯಲಾರದೆ ತಕ್ಕಡಿಯಲ್ಲಿ ಬ್ರೆಡ್ಡಿಟ್ಟು ತೂಗಿ ನೋಡಿದೆ. ಬೇಕರಿಯ ತೆಳು ಹೋಳು ನಾಲ್ಕೋ ಐದೋ ಬಂತು. ಅವರದಾದರೋ ಮರದ ಪುಡಿಯಿಂದ ತೆಗೆದ ಸೆಲ್ಯುಲೋಸ್, ಹಿಂಡಿ ಬೆರೆಸಿದ ಒದ್ದೆ ಮುದ್ದೆ; ಅಷ್ಟೂ ಇರುತ್ತಿರಲಿಲ್ಲ.

ಬ್ರಿಟನ್ನಿನ ಮನೆಗಳ ಮೇಲೂ ಒಂದು ಕಂತಿದೆ. ಅಲ್ಲಿನ ರೇಷನ್ 1940ರ ಜನವರಿ 8ರಂದು ಶುರುವಾಗಿ, ಯುದ್ಧ ಮುಗಿದ ಮೇಲೂ ಒಂಬತ್ತು ವರ್ಷ ನಡೆದು, 1954ರ ಜುಲೈಯಲ್ಲಿ ನಿಂತಿತು. ವಾರಕ್ಕೆ ಒಬ್ಬರಿಗೆ ಚಹಾಪುಡಿ 57 ಗ್ರಾಮಿನಷ್ಟು. ಕಷ್ಟವೇ ಸರಿ, ಆದರೂ ಅವರ ಪಾಲು ಅವರಿಗೆ ತಲುಪುತ್ತಿತ್ತು.

ಇದನ್ನೆಲ್ಲ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ನಮ್ಮ ಅತ್ತೆ, ತೊಂಬತ್ತರ ಹತ್ತಿರದವರು, "ನಮ್ಮ ಕಡೇದು ತೋರ್ಸಲ್ವೇನೋ ಇವ್ರು?" ಎಂದರು. "ನಮ್ಮಲ್ಲಿ ಯುದ್ಧವೇ ಆಗಿಲ್ವಲ್ಲ ಮುತ್ತಜ್ಜಿ" ಎಂದ ಹುಡುಗ. "ಯಾಕಾಗ್ಲಿಲ್ಲ? ಅಕ್ಕಿ ಇರ್ಲಿಲ್ಲ, ಸೀಮೆಎಣ್ಣೆ ಇರ್ಲಿಲ್ಲ. ಕಂಟ್ರೋಲ್ ಅಂಗಡಿ ಮುಂದೆ ನಮ್ಮಮ್ಮನ ಸೆರಗು ಹಿಡ್ಕೊಂಡು ನಿಂತಿದ್ದೀನಿ. ಆದ್ರೆ ಬಂಗಾಳದೋರು ಪಟ್ಟಷ್ಟು ಪಾಡು ನಾವು ಪಡ್ಲಿಲ್ಲ ಬಿಡು."

ಬಂಗಾಳ! ನಾನು ಎದ್ದು ಆ ಬಣ್ಣದ ಮಾಲಿಕೆಯ ಹತ್ತು ಹೆಸರನ್ನೂ ಮತ್ತೆ ಓದಿಸಿದೆ. ಅದರಲ್ಲಿ ಬಂಗಾಳದ ಹೆಸರಿಲ್ಲ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಬಿದ್ದು ಅಲ್ಲಿಂದ ಬರುವ ಅಕ್ಕಿ ನಿಂತಿತು. ಜಪಾನೀಯರ ಕೈಗೆ ಸಿಗಬಾರದೆಂದು ಸರ್ಕಾರ ಬಂಗಾಳದ ಕರಾವಳಿಯ ದೋಣಿಗಳನ್ನು ಕಸಿದುಕೊಂಡಿತು. ಅಕ್ಟೋಬರಿನಲ್ಲಿ ಮಿಡ್ನಾಪುರದ ಕಡೆ ಚಂಡಮಾರುತ. ಸೈನ್ಯಕ್ಕೂ ಕಲ್ಕತ್ತಕ್ಕೂ ಅಕ್ಕಿ ಹೋಯಿತು, ಬೆಲೆ ಏರಿತು, ವ್ಯಾಪಾರಿಗಳು ಮುಚ್ಚಿಟ್ಟರು. 1943ರಿಂದ ಹಸಿವು, ರೋಗಗಳಿಂದ ಸತ್ತವರು 20ರಿಂದ 30 ಲಕ್ಷ ಎಂದು ಅಂದಾಜು. ಸರ್ಕಾರ ಅದನ್ನು ಕ್ಷಾಮವೆಂದು ಅಧಿಕೃತವಾಗಿ ಸಾರಲೇ ಇಲ್ಲ. ಕಲ್ಕತ್ತದ 'ಸ್ಟೇಟ್ಸ್‌ಮನ್' ಪತ್ರಿಕೆ ಆಗಸ್ಟಿನಲ್ಲಿ ಬೀದಿಯ ಫೋಟೋಗಳನ್ನು ಅಚ್ಚು ಹಾಕಿದ ಮೇಲೆಯೇ ಲೋಕದ ಕಣ್ಣಿಗೆ ಬಿದ್ದದ್ದು. ಹಳ್ಳಿಗಳಿಂದ ಬಂದವರು ಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಅನ್ನವನ್ನಲ್ಲ, ಅನ್ನ ಬಸಿದ ಗಂಜಿಯನ್ನು. ಅನ್ನ ಕೇಳುವ ಧೈರ್ಯವೂ ಉಳಿದಿರಲಿಲ್ಲ.

ಇದರ ಬಗ್ಗೆ ಸತ್ಯಜಿತ್ ರಾಯ್ ಅವರ 'ಅಶನಿ ಸಂಕೇತ್' ಇದೆ. ಸಾಕ್ಷ್ಯಚಿತ್ರವಲ್ಲ, ಕಥಾಚಿತ್ರ, ಅದೂ 1973ರದ್ದೇ. ಹಳ್ಳಿಯ ಪುರೋಹಿತ, ಅವನ ಹೆಂಡತಿ, ದಿನದಿನಕ್ಕೆ ಸಿಗದಾಗುವ ಅಕ್ಕಿ. ಯುದ್ಧವೆಂದರೆ ಅಲ್ಲಿ ತಲೆಯ ಮೇಲೆ ಹಾರಿಹೋಗುವ ವಿಮಾನ ಮಾತ್ರ. ಸಿಕ್ಕರೆ ಮನೆಮಂದಿ ಕೂತು ನೋಡಿ. ಬಣ್ಣದ ಮಾಲಿಕೆಯಲ್ಲಿ ಬುಖೆನ್‌ವಾಲ್ಡ್ ಸೆರೆಶಿಬಿರದ ಕಂತು ಮಾತ್ರ ಸಣ್ಣ ಮಕ್ಕಳಿಗೆ ಬೇಡ. ಮುಂದಿನದು ತಾನಾಗಿ ಶುರುವಾಗುವ ಮೊದಲೇ ನಿಲ್ಲಿಸಿಬಿಡಿ.

ರಜೆ ಮುಗಿದು ಹೊರಡುವ ಹಿಂದಿನ ದಿನ ಹುಡುಗ, "ಗಂಜಿ ಅಂದ್ರೆ ಯಾವ್ದಜ್ಜಿ?" ಎಂದು ಕೇಳಿದ. ಕುಕ್ಕರಿನ ಅನ್ನ ತಿಂದು ಬೆಳೆದವನು, ಬಸಿದದ್ದನ್ನು ನೋಡಿಯೇ ಇರಲಿಲ್ಲ. ಪಾತ್ರೆಯಲ್ಲಿ ಅನ್ನ ಮಾಡಿ ಬಸಿದು, ಉಪ್ಪೂ ಹಾಕದೆ ಒಂದು ಲೋಟ ಕೊಟ್ಟೆ. ಅರ್ಧ ಕುಡಿದು, "ಇದಕ್ಕೆ ರುಚೀನೇ ಇಲ್ವಲ್ಲಜ್ಜಿ" ಎಂದ. ಅತ್ತೆ ಏನೂ ಹೇಳಲಿಲ್ಲ. ಉಳಿದರ್ಧ ಲೋಟವನ್ನು ತಮ್ಮ ಕೈಗೆ ತೆಗೆದುಕೊಂಡರು.