ಒನ್ಸ್ ಮೋರ್ ಎಂದವರ ನಾಟಕ

ಕಂಪನಿ ನಾಟಕದ ಪ್ರೇಕ್ಷಕರ ಬಗ್ಗೆ ಓದುಬರಹ ಬಲ್ಲವರ ವಲಯದಲ್ಲಿ ಹಳೆಯ ತಾತ್ಸಾರವೊಂದು ಇನ್ನೂ ಉಳಿದಿದೆ. ಅವರು ಸಿಳ್ಳೆ ಹಾಕುತ್ತಾರೆ, ಹಾಡು ಮುಗಿಯುವ ಮೊದಲೇ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಖಳನಾಯಕ ಬಂದರೆ ಬಾಯ್ತುಂಬ ಬೈಯುತ್ತಾರೆ, ಅಳುವ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಮರುಗಳಿಗೆಯಲ್ಲೇ ಹಾಸ್ಯನಟನಿಗೆ ಬಿದ್ದು ಬಿದ್ದು ನಗುತ್ತಾರೆ. ಇಂಥವರಿಗೆ ನಾಟಕ ನೋಡುವ ಶಿಸ್ತು ಎಲ್ಲಿದೆ ಎಂಬುದು ಆ ತಾತ್ಸಾರದ ಮಾತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜನ ಜಾತ್ರೆಯ ದಿನಗಳಲ್ಲಿ ತಗಡಿನ ಗೋಡೆ, ತಾಡಪತ್ರಿಯ ಸೂರಿನ ಥಿಯೇಟರುಗಳಲ್ಲಿ ಕೂತು ನಾಟಕ ನೋಡಿದ್ದು ಹೀಗೆಯೇ. ಈ ಗದ್ದಲವನ್ನು ನಾಟಕಕ್ಕೆ ಹೊರಗಿನಿಂದ ಬಂದ ಅಡ್ಡಿ ಎಂದು ತಿಳಿಯುವುದು ತಪ್ಪು. ಸಂಗೀತವೇ ಜೀವಾಳವಾದ, ಇಂದು ಇಲ್ಲಿ ನಾಳೆ ಇನ್ನೊಂದೂರಿನಲ್ಲಿ ಕಟ್ಟುವ ರಂಗಭೂಮಿಗೆ ಪ್ರೇಕ್ಷಕರ ಕೂಗೇ ವಿಮರ್ಶೆಯಾಗಿತ್ತು. ಅಷ್ಟೇ ಅಲ್ಲ, ನಾಟಕದ ಉದ್ದಗಲವನ್ನು ನಿರ್ಧರಿಸುವುದರಲ್ಲಿ ನಾಟಕಕಾರನಷ್ಟೇ ಪಾಲು ಆ ಕೂಗಿಗೂ ಇತ್ತು.

ಈ ಮಾತಿಗೆ ಹಾನಗಲ್ ಸೀಮೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಕನ್ನಡ ವೃತ್ತಿ ರಂಗಭೂಮಿಯ ಆದ್ಯರೆಂದು ಹೆಸರಾದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯವರು. ಸಾಂಗ್ಲಿಯ ಕಡೆಯ ಮರಾಠಿ ನಾಟಕ ಮಂಡಳಿಗಳು ಈ ಭಾಗದಲ್ಲಿ ಜನರನ್ನು ಸೆಳೆಯುತ್ತಿದ್ದ ಕಾಲದಲ್ಲಿ, 1870ರ ದಶಕದಲ್ಲಿ, ಗದಗಿನಲ್ಲಿ ಕನ್ನಡದ್ದೇ ಮಂಡಳಿ ಕಟ್ಟಿ ‘ಉಷಾಹರಣ’ದಂಥ ನಾಟಕಗಳನ್ನು ಬರೆದು ಆಡಿಸಿದರು. ಮುಂದೆ ಹಾನಗಲ್ ಕುಮಾರ ಸ್ವಾಮಿಗಳು ತಮ್ಮ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ಹೊಣೆ ಹೊತ್ತರು. ಆತನೇ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯ, ಇದೇ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿದ, ಇವರೂ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುವ ಖರ್ಚಿಗೆ ಗುರುಶಿಷ್ಯರು ಹಿಡಿದ ದಾರಿಗಳಲ್ಲಿ ನಾಟಕ ಕಂಪನಿಯೂ ಒಂದು. ಪುಟ್ಟರಾಜರು ನಾಟಕ ಬರೆದರು, ಹಾಡು ಕಟ್ಟಿದರು, ರಾಗ ಕೂಡಿಸಿದರು. ಊರೂರಿನ ಜನ ಕೊಟ್ಟ ಟಿಕೆಟ್ಟಿನ ಹಣ ಆಶ್ರಮದ ಒಲೆ ಉರಿಸಿತು. ಇಲ್ಲಿ ತುಸು ನಿಂತು ಯೋಚಿಸಬೇಕಾದ ಸಂಗತಿಯಿದೆ. ಕಣ್ಣಿಲ್ಲದ ನಾಟಕಕಾರನಿಗೆ ಪ್ರೇಕ್ಷಕರ ಮುಖ ಕಾಣುವುದಿಲ್ಲ. ಯಾವ ಹಾಡು ಎದೆಗೆ ತಟ್ಟಿತು, ಯಾವ ಮಾತು ಸಪ್ಪೆಯಾಯಿತು ಎಂಬುದನ್ನು ಅವರು ಕಿವಿಯಿಂದಲೇ ತಿಳಿಯಬೇಕು. ನಾವು ಗದ್ದಲ ಎನ್ನುವುದು ಅಂಥವರ ಪಾಲಿಗೆ ಓದಿ ತಿಳಿಯುವ ಪುಟ.

ಕಣ್ಣಿದ್ದ ಮಾಲೀಕರಿಗೂ ಲೆಕ್ಕ ಬೇರೆಯಿರಲಿಲ್ಲ. ಕಂಪನಿಯೊಂದು ಊರಿಗೆ ಬಂದು ಕ್ಯಾಂಪ್ ಹಾಕುವುದೆಂದರೆ ಬಯಲು ಬಾಡಿಗೆಗೆ ಹಿಡಿದು, ಗಳ ನೆಟ್ಟು, ತಗಡು ಕಟ್ಟಿ, ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಉಳಿದದ್ದು ನೆಲ ಎಂದು ದರ ಗೊತ್ತುಮಾಡಿ, ನಲವತ್ತೈವತ್ತು ಜನರ ಊಟದ ಹೊಣೆ ಹೊತ್ತು ಕೂರುವುದು. ಇದಕ್ಕೆ ಮುಂಗಡ ಬುಕಿಂಗಿನ ನೆಮ್ಮದಿಯೂ ಇಲ್ಲ. ಇಂದಿನ ಆಟ ನೋಡಿದವರು ನಾಳೆ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಏನು ಹೇಳುತ್ತಾರೋ ಅದರ ಮೇಲೆ ನಾಳಿನ ಗಲ್ಲೆ, ಅಂದರೆ ಟಿಕೆಟ್ಟಿನ ಗಳಿಕೆ. ಊರು ಒಪ್ಪಿದರೆ ಕ್ಯಾಂಪ್ ತಿಂಗಳುಗಟ್ಟಲೆ ನಿಲ್ಲುತ್ತದೆ, ಒಪ್ಪದಿದ್ದರೆ ವಾರದೊಳಗೆ ಗಂಟುಮೂಟೆ ಕಟ್ಟಬೇಕು. ಕಲ್ಲುಕಟ್ಟಡದ ರಂಗಮಂದಿರಕ್ಕೆ ಈ ಭಯವಿಲ್ಲ. ನಾಟಕ ಸೋತರೂ ಕಟ್ಟಡ ಅಲ್ಲೇ ಇರುತ್ತದೆ. ತಾತ್ಕಾಲಿಕ ಥಿಯೇಟರಿನಲ್ಲಿ ಪ್ರೇಕ್ಷಕರ ಮರ್ಜಿ ತಪ್ಪಿದರೆ ರಂಗಮಂದಿರವೇ ಊರು ಬಿಡುತ್ತದೆ. ಆದ್ದರಿಂದ ಹಾಸ್ಯದ ದೃಶ್ಯವೊಂದು ಜಗ್ಗಿದರೆ ಮರುದಿನ ಬೆಳಗ್ಗೆಯೇ ಅದನ್ನು ಕತ್ತರಿಸುವುದು, ಮೆಚ್ಚಿಕೆಯಾದ ಪಾತ್ರಕ್ಕೆ ಇನ್ನೊಂದು ಪ್ರವೇಶ ಸೇರಿಸುವುದು ರೂಢಿಯಾಯಿತು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆಯಾ ದಿನದ ರಾಜಕೀಯವನ್ನೇ ಮಾತಾಗಿಸಿ ಜನರೊಡನೆ ಸಂವಾದಕ್ಕಿಳಿಯುತ್ತಿದ್ದುದು ಇದೇ ರೂಢಿಯ ತುತ್ತತುದಿ. ನಮ್ಮ ಪತ್ರಿಕೆಗಳು ಕಂಪನಿ ನಾಟಕಗಳಿಗೆ ವಿಮರ್ಶೆಯ ಅಂಕಣ ಕೊಟ್ಟದ್ದು ತೀರ ಕಡಿಮೆ. ಆ ಕೆಲಸವನ್ನು ನೆಲದ ಟಿಕೆಟ್ಟಿನವರು ಮಾಡಿದರು, ಅವರ ವಿಮರ್ಶೆ ಮರುರಾತ್ರಿಯೇ ಜಾರಿಗೂ ಬಂತು.

ಒನ್ಸ್ ಮೋರ್ ಎಂಬ ಕೂಗಿನ ಮೇಲೆ ಬಂದಷ್ಟು ಆಕ್ಷೇಪ ಬೇರಾವುದರ ಮೇಲೂ ಬಂದಿಲ್ಲ. ಕಥೆಯ ಓಟ ಮುರಿಯುತ್ತದೆ, ರಸಭಂಗವಾಗುತ್ತದೆ, ರಂಗದ ಮೇಲೆ ಸತ್ತವನು ಎದ್ದು ಹಾಡಿ ಮತ್ತೆ ಸಾಯಬೇಕಾಗುತ್ತದೆ ಎನ್ನುತ್ತಾರೆ. ಮಾತಿನ ನಾಟಕದ ಅಳತೆಗೋಲು ಹಿಡಿದರೆ ಆಕ್ಷೇಪ ಸರಿಯೇ. ಆದರೆ ಸಂಗೀತ ನಾಟಕಕ್ಕೆ ಎರಡು ಗಡಿಯಾರಗಳಿವೆ; ಒಂದು ಕಥೆಯದು, ಇನ್ನೊಂದು ರಾಗದ್ದು. ಪ್ರಹ್ಲಾದ ಬದುಕುತ್ತಾನೆಂದು ಎಲ್ಲರಿಗೂ ಗೊತ್ತಿರುವಾಗ ಕಥೆಯ ಕುತೂಹಲಕ್ಕಾಗಿ ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ಆ ಹುಡುಗ ಇಂದು ಹೇಗೆ ಹಾಡುತ್ತಾನೆ ಎಂಬುದೇ ಕುತೂಹಲ. ರಂಗದ ಮುಂಭಾಗದಲ್ಲಿ ಕಾಲಿನಿಂದ ತಿದಿಯೊತ್ತುತ್ತ ಕೂತ ಪೇಟಿ ಮಾಸ್ತರ ಒಂದು ಕಣ್ಣು ನಟನ ಮೇಲೆ, ಒಂದು ಕಿವಿ ಜನರ ಮೇಲೆ ಇಟ್ಟಿರುತ್ತಾನೆ. ಕೂಗು ಬಲವಾಗಿ ಬಂದರೆ ಪಲ್ಲವಿಯ ಸ್ವರವನ್ನು ಮತ್ತೆ ಹಿಡಿಯುತ್ತಾನೆ. ಸೈಡ್ ವಿಂಗಿನೊಳಗೆ ಹೋಗಿದ್ದ ನಟ ತಿರುಗಿ ಬರುತ್ತಾನೆ. ತಬಲಾದವನು ಠೇಕಾ ಹಿಡಿಯುತ್ತಾನೆ. ಎರಡನೆಯ ಸಲದ ಹಾಡು ಮೊದಲಿನದರ ನಕಲಾಗಿರುವುದಿಲ್ಲ. ಮೊದಲು ನೇರವಾಗಿ ಹಾಡಿದ್ದ ಸಾಲಿಗೆ ಈಗ ಆಲಾಪ ಬರುತ್ತದೆ, ತಾನ್‌ಗಳು ಬರುತ್ತವೆ, ಜನ ಎಲ್ಲಿ ‘ಆಹಾ’ ಎಂದರೋ ಆ ಜಾಗವನ್ನು ಗಾಯಕ ಇನ್ನಷ್ಟು ಅರಳಿಸುತ್ತಾನೆ. ಇದು ಬೈಠಕ್ಕಿನ ರೀತಿ. ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯನ ಬೆಳೆದ ಕಥೆಯಲ್ಲಿ ಈ ಡೇರೆಗಳ ಪಾಲು ದೊಡ್ಡದು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿ ಸೇರಿ ಪ್ರಹ್ಲಾದ, ಧ್ರುವರ ಪಾತ್ರಗಳಲ್ಲಿ ಹಾಡಿದರು. ಹಾಗೆ ಹಾಡುತ್ತಿದ್ದ ಹುಡುಗನ ಕಂಠ ಕೇಳಿಯೇ ಮಿರಜದ ನೀಲಕಂಠ ಬುವಾ ಶಿಷ್ಯನನ್ನಾಗಿ ಕರೆದೊಯ್ದರು. ಅದೇ ಕಂಪನಿಯಲ್ಲಿದ್ದ ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರಾದರು. ಹಾನಗಲ್ ಎಂಬ ಹೆಸರನ್ನು ದೇಶವಿಡೀ ಕೇಳಿಸಿದ ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರೂ ವರ್ಷಗಟ್ಟಲೆ ನಾಟಕಗಳಲ್ಲಿ ಹಾಡಿದವರು. ಎಳೆಯ ಗಾಯಕನಿಗೆ ಕೇಳುಗರನ್ನು ಹಿಡಿದು ನಿಲ್ಲಿಸುವುದನ್ನು ಗುರುವಿನ ಮನೆಯೊಂದೇ ಕಲಿಸಲಾರದು. ಒನ್ಸ್ ಮೋರ್ ಸಿಕ್ಕ ರಾತ್ರಿ, ಸಿಗದೆ ಹೋದ ರಾತ್ರಿ ಎರಡೂ ಅದನ್ನು ಕಲಿಸುತ್ತವೆ.

ಮೌನವಾಗಿ ನೋಡುವುದೇ ಸಹಜವಾದ ರೀತಿ, ಕೂಗುವುದು ಅಪಭ್ರಂಶ ಎಂಬ ನಂಬಿಕೆಗೆ ವಯಸ್ಸೂ ಹೆಚ್ಚಿಲ್ಲ. ಯುರೋಪಿನ ಸಂಗೀತ ನಾಟಕಗೃಹಗಳಲ್ಲೂ ಜನ ಹಿಂದೆ ಮಾತಾಡುತ್ತ, ತಿನ್ನುತ್ತ, ಮೆಚ್ಚಿದ ಹಾಡನ್ನು ಮತ್ತೆ ಹಾಡಿಸುತ್ತಲೇ ಇದ್ದರು. 1876ರಲ್ಲಿ ಸಂಗೀತ ನಾಟಕಕಾರ ವಾಗ್ನರ್ ಜರ್ಮನಿಯ ಬೈರಾಯ್ಟಿನಲ್ಲಿ ತೆರೆದ ರಂಗಮಂದಿರದಲ್ಲಿ ಪ್ರೇಕ್ಷಕರ ಮೇಲಿನ ದೀಪ ಆರಿಸಿ, ವಾದ್ಯಮೇಳವನ್ನು ಕಣ್ಣಿಗೆ ಬೀಳದಂತೆ ಹಳ್ಳದೊಳಗೆ ಕೂರಿಸಿದ. ಇಂದಿನ ಸಭ್ಯ ಮೌನಕ್ಕೆ ದೊಡ್ಡ ಬಲ ಬಂದದ್ದು ಅಲ್ಲಿಂದ. 1882ರಲ್ಲಿ ಅಲ್ಲಿ ಅವನದೇ ‘ಪಾರ್ಸಿಫಾಲ್’ ನಡೆಯುತ್ತಿದ್ದಾಗ ಹಾಡಿಗೆ ಮನಸೋತು ‘ಬ್ರಾವೋ’ ಎಂದು ಕೂಗಿದ ವಾಗ್ನರನನ್ನೇ, ಅವನು ಯಾರೆಂದು ತಿಳಿಯದೆ, ಪ್ರೇಕ್ಷಕರು ಗದರಿ ಸುಮ್ಮನಾಗಿಸಿದರಂತೆ. ಆ ಮೌನಕ್ಕೂ ಅದರದೇ ಬೆಲೆಯಿದೆ. ಸೂಕ್ಷ್ಮ ಅಭಿನಯಕ್ಕೆ, ಪಿಸುಮಾತಿಗೆ ಅದು ಬೇಕು. ಆದರೆ ಅದು ಒಂದು ಬಗೆಯ ನಾಟಕಕ್ಕೆ ಹೊಂದಿಕೊಂಡ ಶಿಸ್ತೇ ಹೊರತು ರಸಿಕತೆಯ ಏಕೈಕ ಗುರುತಲ್ಲ. ವಾದ್ಯದವನನ್ನು ಎಲ್ಲರೆದುರಿಗೆ ಕೂರಿಸುವ ರಂಗಭೂಮಿ ಕೇಳುಗರ ದನಿಗೂ ಜಾಗ ಇಟ್ಟುಕೊಂಡೇ ಕಟ್ಟಿದ್ದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹಳ್ಳಿಯ ಪ್ರೇಕ್ಷಕರು ನಾಟಕವನ್ನು ನಿಜವೆಂದು ನಂಬುತ್ತಾರೆ, ಅವರ ಪ್ರತಿಕ್ರಿಯೆ ಮುಗ್ಧತೆಯೇ ಹೊರತು ವಿವೇಚನೆಯಲ್ಲ ಎಂಬುದು. ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ರಂಗಕ್ಕೆ ಬಂದರೆ ಜನ ಎದ್ದು ಕೈಮುಗಿಯುತ್ತಿದ್ದರು, ಕಾಲಿಗೆರಗುತ್ತಿದ್ದರು ಎಂಬ ಪ್ರಸಿದ್ಧ ಸಂಗತಿಯನ್ನು ಇದಕ್ಕೆ ಉದಾಹರಣೆಯಾಗಿ ಕೊಡುವುದುಂಟು. ಆದರೆ ಕೈಮುಗಿದವರಿಗೆ ಅವರು ಬಾಳಪ್ಪನೆಂದು ಗೊತ್ತಿರಲಿಲ್ಲವೇ? ಕರಪತ್ರದಲ್ಲಿ ಹೆಸರು ನೋಡಿ, ಆ ಹೆಸರಿಗಾಗಿಯೇ ಚಕ್ಕಡಿ ಕಟ್ಟಿಕೊಂಡು ಬಂದವರು ಅವರು. ಜಾತ್ರೆಯಲ್ಲಿ ಮಣ್ಣಿನ ಮೂರ್ತಿಗೆ ಕೈಮುಗಿಯುವವನಿಗೆ ಅದು ಮಣ್ಣೆಂಬುದು ಗೊತ್ತಿರುವಂತೆಯೇ ಇದು. ಈ ಅರಿವು ಇನ್ನೂ ಸ್ಪಷ್ಟವಾಗಿ ಕಾಣುವುದು ಹಳ್ಳಿಯ ಹವ್ಯಾಸಿಗಳು ಆಡುವ ನಾಟಕದಲ್ಲಿ. ಯುಗಾದಿಗೋ ಗ್ರಾಮದೇವಿಯ ಜಾತ್ರೆಗೋ ಹಂದರ ಹಾಕಿ ಅಟ್ಟ ಕಟ್ಟುತ್ತಾರೆ; ಪೇಟಿ ಮಾಸ್ತರ ತಿಂಗಳುಗಟ್ಟಲೆ ತಾಲೀಮು ಮಾಡಿಸಿರುತ್ತಾನೆ; ಸ್ತ್ರೀಪಾತ್ರಕ್ಕೆ ಕಂಪನಿಯ ನಟಿಯರನ್ನು ಕರೆಸಿರುತ್ತಾರೆ. ರಾತ್ರಿ ಹನ್ನೊಂದರ ಹೊತ್ತಿಗೆ ಖಳನಾಯಕ ಮೀಸೆ ತಿರುವುತ್ತ ಬಂದರೆ, ಅವನು ಪಕ್ಕದ ಓಣಿಯವನೆಂದು ಕೂಸಿಗೂ ಗೊತ್ತು. ಹಾಗಿದ್ದೂ ಬೈಗುಳ ಬೀಳುತ್ತವೆ. ನಡುವೆ ಆಟ ತಡೆದು ಮೈಕಿನಲ್ಲಿ ಆಯೇರಿ ಕೂಗುತ್ತಾರೆ: ಇಂಥವರಿಂದ ಇಂಥ ಪಾತ್ರಧಾರಿಗೆ ನೂರಾ ಒಂದು ರೂಪಾಯಿ. ನೋಟನ್ನು ಪಿನ್ನಿನಿಂದ ಅಂಗಿಗೆ ಚುಚ್ಚುತ್ತಾರೆ. ಮರುಕ್ಷಣ ಆ ನೋಟು ತೂಗುವ ಎದೆಯಿಂದಲೇ ಅವನು ಮತ್ತೆ ನಾಯಕಿಯನ್ನು ಗದರುತ್ತಾನೆ, ಜನ ಮತ್ತೆ ಸಿಟ್ಟಾಗುತ್ತಾರೆ. ಪಾತ್ರವನ್ನೂ ಪಾತ್ರಧಾರಿಯನ್ನೂ ಒಟ್ಟೊಟ್ಟಿಗೆ ನೋಡಬಲ್ಲ, ಒಬ್ಬನನ್ನು ಬೈದು ಇನ್ನೊಬ್ಬನಿಗೆ ಹಣ ಕೊಡಬಲ್ಲ ಈ ನೋಟವನ್ನು ಮುಗ್ಧತೆ ಎನ್ನಲಾಗದು. ಇರುಳಿಡೀ ದೊಡ್ಡಾಟ ನೋಡಿ ಬೆಳೆದ ಜನಕ್ಕೆ ಈ ಇಬ್ಬಗೆಯ ನೋಟ ಹೊಸದೂ ಆಗಿರಲಿಲ್ಲ.

ಹಾಗಾದರೆ ಕಂಪನಿ ನಾಟಕ ದ್ವಂದ್ವಾರ್ಥದ ಮಾತಿಗೆ ಇಳಿದದ್ದು ಯಾರಿಂದ? ಜನ ಸಿಳ್ಳೆ ಹಾಕಿದ್ದರಿಂದಲೇ ಅಲ್ಲವೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಸಿನಿಮಾ, ಆಮೇಲೆ ಟಿವಿ ಬಂದು ಗಲ್ಲೆ ಕುಸಿದಾಗ ಹಲವು ಕಂಪನಿಗಳು ಹಾಸ್ಯದ ಹೆಸರಿನಲ್ಲಿ ಕೀಳು ಮಾತನ್ನು ನೆಚ್ಚಿಕೊಂಡವು; ಅದಕ್ಕೆ ಸಿಳ್ಳೆಯೂ ಬಿತ್ತು. ಆದರೆ ಆ ಹೊತ್ತಿನಲ್ಲಿ ಇನ್ನೊಂದು ಪ್ರತಿಕ್ರಿಯೆಯೂ ಬಂದಿತ್ತು, ಮಾಲೀಕರು ಅದನ್ನು ಕೇಳಿಸಿಕೊಳ್ಳಲಿಲ್ಲ. ಹೆಣ್ಣುಮಕ್ಕಳು ಬರುವುದನ್ನು ಕಡಿಮೆ ಮಾಡಿದರು, ಕುಟುಂಬ ಸಮೇತ ಬರುತ್ತಿದ್ದವರು ಮನೆಯಲ್ಲೇ ಉಳಿದರು. ಬಾರದೆ ಇರುವುದೇ ಪ್ರೇಕ್ಷಕರ ಅತ್ಯಂತ ಕಠೋರವಾದ ತೀರ್ಪು, ಅದಕ್ಕೆ ಸದ್ದಿಲ್ಲ. ಡೇರೆಯೊಳಗೆ ಸಿಳ್ಳೆ ಹಾಕುವವರೇ ಉಳಿದಾಗ ಸಿಳ್ಳೆಯೊಂದೇ ಕೇಳಿಸುವುದು ಸಹಜ. ನಾಟಕಕಾರ ಪಿ.ಬಿ. ಧುತ್ತರಗಿಯವರು ಬರೆದ ಮನೆತನದ ಕಥೆಗಳನ್ನು ಗೆಲ್ಲಿಸಿದ್ದೂ ಇಂಥದೇ ಪ್ರೇಕ್ಷಕರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಆದದ್ದು ಡೇರೆಗಳಲ್ಲಿ ಅದಾಗಲೇ ಗೆದ್ದಿದ್ದರಿಂದ. ಗವಾಯಿಗಳ ಭಕ್ತಿನಾಟಕಗಳಿಗೆ ಹಣ ಕೊಟ್ಟವರೂ ಇದೇ ನೆಲದ ಟಿಕೆಟ್ಟಿನವರು. ಜನರ ಅಭಿರುಚಿ ಒಂದೇ ಸುರುಳಿಯಲ್ಲಿ ಕೆಳಗಿಳಿಯಿತು ಎನ್ನುವವರು ಇವುಗಳಿಗೂ ಉತ್ತರ ಹೇಳಬೇಕು. ಕೂಗನ್ನು ವಿಮರ್ಶೆ ಎಂದು ಒಪ್ಪುವುದಾದರೆ ಖಾಲಿ ಬೆಂಚನ್ನೂ ವಿಮರ್ಶೆ ಎಂದೇ ಓದಬೇಕು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟ ಕಂಪನಿಗಳೇ ಮೊದಲು ಮುಚ್ಚಿದವು ಎಂದು ನನಗನ್ನಿಸುತ್ತದೆ.

ಈ ರಂಗಭೂಮಿ ಪೂರ್ತಿ ಅಳಿದಿಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಸಾಲುಸಾಲಾಗಿ ಕಂಪನಿಗಳು ಡೇರೆ ಹಾಕುತ್ತವೆ, ಹಾನಗಲ್ಲಿಗೆ ಹತ್ತಿರದ ಶಿರಸಿಯ ಮಾರಿಕಾಂಬೆಯ ಜಾತ್ರೆಗೂ ಬರುತ್ತವೆ. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಪುಟ್ಟ ಊರು ನಾಟಕದಿಂದಲೇ ಹೆಸರು ಪಡೆದಿದೆ. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ರಂಗಾಯಣ ಬಂದಿದೆ; ಹಳೆಯ ನಾಟಕ, ರಂಗಗೀತೆಗಳನ್ನು ಕಾಪಿಡಬೇಕೆಂಬ ಮಾತೂ ಕೇಳುತ್ತಿದೆ. ಆದರೆ ಕಾಪಿಡುವಾಗ ಏನನ್ನು ಕಾಪಿಡುತ್ತೇವೆ? ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದಷ್ಟು ಹಾಡು ಮಾತ್ರ ಹಿಡಿಯುತ್ತಿತ್ತು. ಡೇರೆಯಲ್ಲಿ ಹತ್ತು, ಹದಿನೈದು ನಿಮಿಷ ಬೆಳೆಯುತ್ತಿದ್ದ ರಂಗಗೀತೆ ತಟ್ಟೆಗೆ ಇಳಿಯುವಾಗ ಮೊದಲು ಉದುರಿದ್ದು ಒನ್ಸ್ ಮೋರ್ ಮತ್ತು ಅದಕ್ಕೆ ಉತ್ತರವಾಗಿ ಹುಟ್ಟಿದ ಆಲಾಪ. ಅಚ್ಚಾದ ನಾಟಕದ ಪುಸ್ತಕಗಳಲ್ಲೂ ಹಾಸ್ಯನಟ ಜನರೊಡನೆ ಆಡಿದ ಮಾತು ಇಲ್ಲ. ಈಗ ನಡೆಯುವ ಧ್ವನಿಮುದ್ರಣ, ಚಿತ್ರೀಕರಣಗಳಲ್ಲೂ ಹಾಡುಗಾರನನ್ನು ಸ್ಟುಡಿಯೋದಲ್ಲಿ ಕೂರಿಸಿ ಸ್ವಚ್ಛವಾಗಿ ಹಾಡಿಸುವುದೇ ಹೆಚ್ಚು. ಒಂದು ಮೈಕನ್ನು ರಂಗದ ಮೇಲಿಟ್ಟರೆ ಇನ್ನೊಂದನ್ನು ನೆಲದ ಟಿಕೆಟ್ಟಿನವರ ನಡುವೆ ಇಡಬೇಕು, ಇಡೀ ರಾತ್ರಿಯ ಆಟವನ್ನು ಕತ್ತರಿಸದೆ ಹಿಡಿಯಬೇಕು. ಯಾವ ಊರು, ಯಾವ ಜಾತ್ರೆ, ಎಷ್ಟು ಹೆಣ್ಣುಮಕ್ಕಳು ಬಂದಿದ್ದರು, ಯಾವ ಹಾಡಿಗೆ ಎಷ್ಟು ಸಲ ಕರೆ ಬಂತು, ಯಾವ ದೃಶ್ಯದಲ್ಲಿ ಜನ ಎದ್ದು ಚಹಾಕ್ಕೆ ಹೋದರು ಎಂಬುದನ್ನು ಬರೆದಿಡಬೇಕು. ಅಕಾಡೆಮಿಗೂ ವಿಶ್ವವಿದ್ಯಾಲಯಗಳಿಗೂ ಇದು ದೊಡ್ಡ ಖರ್ಚಿನ ಕೆಲಸವೇನಲ್ಲ. ಹಳೆಯ ಪೇಟಿ ಮಾಸ್ತರರು, ಕಂಪನಿಯ ನಟಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಯಾವ ಊರಿನ ಜನ ಯಾವ ರಾಗಕ್ಕೆ ತಲೆದೂಗುತ್ತಿದ್ದರು, ಎಲ್ಲಿ ಹಾಡು ಮೊಟಕು ಮಾಡಬೇಕಿತ್ತು, ಎಲ್ಲಿ ಮೂರು ಸಲ ಹಾಡದೆ ಬಿಡುತ್ತಿರಲಿಲ್ಲ ಎಂಬುದು ಅವರ ನೆನಪಿನಲ್ಲಿದೆ, ಕೇಳಿದರೆ ಹೇಳುತ್ತಾರೆ.