ನಿಮಗಿದು ಗೊತ್ತೆ? ಯಾರೂ ನೆಡದ ಹುಲ್ಲುತೋಟ

ನ್ಯೂಯಾರ್ಕಿನ ಹೈಲೈನ್ ಉದ್ಯಾನದಲ್ಲಿ ಡಚ್ ವಿನ್ಯಾಸಕಾರ ಪೀಟ್ ಔಡಾಲ್ಫ್ ನೆಡಿಸಿದ ಹುಲ್ಲು, ಹೂಗಿಡ ನೋಡಲು 2009ರಿಂದ ಜನ ಮುಗಿಬೀಳುತ್ತಾರೆ. ಸಿಂಗಟಗೆರೆಯವರಿಗೆ ಆ ಸೊಗಸು ತಮ್ಮ ಕಡೂರು ತಾಲ್ಲೂಕಿನಲ್ಲೇ ಇದೆ: ಬಾಸೂರು ಅಮೃತಮಹಲ್ ಕಾವಲು. ಅಮೃತಮಹಲ್ ದನಗಳ ಮೇವಿಗೆಂದು ಕಾದಿಟ್ಟ ಈ ಬಯಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೃಷ್ಣಮೃಗ, ತೋಳಗಳಿಗೆ ಇದು ಮನೆ.

ಬೇಸಿಗೆಯಲ್ಲಿ ಹುಲ್ಲು ಒಣಗಿದರೂ ಬೇರಿಗೆ ಜೀವವಿರುತ್ತದೆ. ಮುಂಗಾರು ಬಿದ್ದೊಡನೆ ಚಿಗುರುತ್ತದೆ. ಇಂಥ ಬಯಲುಗಳಲ್ಲಿ ಬೆಳೆಯುವ ಒಂದು ಹುಲ್ಲಿನ ಬೀಜವಂತೂ ಅದ್ಭುತ. ಅದರ ಉದ್ದನೆಯ ಬಾಲ ತೇವಕ್ಕೆ ಬಿಚ್ಚಿ, ಒಣಗಿದಾಗ ಸುರುಳಿ ಸುತ್ತಿ, ತಿರುಪಿನಂತೆ ಬೀಜವನ್ನು ಮಣ್ಣಿಗಿಳಿಸುತ್ತದೆ. ಬಟ್ಟೆಗೂ ಚುಚ್ಚಿಕೊಳ್ಳುತ್ತದೆ! ಪಾಳು ಬಿದ್ದಿದೆಯೆಂದು ಇಲ್ಲಿ ಮರ ನೆಡುವುದು ಬೇಡ. ನೆರಳು ಬಿದ್ದರೆ ಬಿಸಿಲು ಬಯಸುವ ಈ ಹುಲ್ಲು ಸೊರಗುತ್ತದೆ.