ಒಗ್ಗದುದನ್ನು ಒಗ್ಗಿಸಿಕೊಳ್ಳುವ ಬಗೆ

ಕನ್ನಡದ ‘ಒಗ್ಗು’ ಎಂಬ ಧಾತುವಿಗೆ ಎರಡು ಮುಖಗಳುಂಟು. ‘ಈ ಊಟ ನನ್ನ ಮೈಗೆ ಒಗ್ಗದು’ ಎನ್ನುವಾಗ ಹೊಂದಿಕೆಯ ಅರ್ಥ. ‘ಚಳಿಗೆ ಮೈ ಒಗ್ಗಿತು’ ಎನ್ನುವಾಗ ಅಭ್ಯಾಸದ ಅರ್ಥ. ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ನಡೆಯಲು ನನಗೆ ನಾಲ್ಕು ವರ್ಷಗಳು ಹಿಡಿದವು.

ಹಳೆಯ ಗ್ರಂಥಗಳ ನಡುವೆಯೇ ಬಾಳಬೇಕಾದ ಅಧ್ಯಾಪಕನಿಗೆ ಧೂಳು ಒಗ್ಗದಿದ್ದರೆ ಏನು ಗತಿ? ಪುಸ್ತಕದ ಕಪಾಟನ್ನು ತೆರೆದೊಡನೆ ಸೀನಿನ ಸರಮಾಲೆ, ರಾತ್ರಿಯಾದರೆ ಉಬ್ಬಸ. ವೃತ್ತಿಯನ್ನೇ ತ್ಯಜಿಸಬೇಕಾದೀತೆಂಬ ಭೀತಿ ನನ್ನನ್ನು ಕಾಡತೊಡಗಿತು. ವೈದ್ಯರು ಮುಂಗೈಯ ಚರ್ಮದ ಮೇಲೆ ಪರೀಕ್ಷೆ ಮಾಡಿ, ಧೂಳಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ನುಸಿಯೇ ಇದಕ್ಕೆ ಕಾರಣವೆಂದರು. ಮದ್ದೇನೆಂದರೆ, ಆ ನುಸಿಯ ಸತ್ವವೇ! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ನೆನಪಾಯಿತು.

ಈ ಉಪಾಯ ಹೊಸದಲ್ಲ. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವನು ವಿಯನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲೆನರ್ಡ್ ನೂನ್, ಹುಲ್ಲಿನ ಪರಾಗದ ಸತ್ವವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ ಕ್ರಮೇಣ ಏರಿಸುತ್ತ ಹೋದರೆ ದೇಹವು ಅದನ್ನು ಸಹಿಸಬಲ್ಲುದೆಂದು ಪ್ರಕಟಿಸಿದನು. 1913ರಲ್ಲಿ ಆತನು ಕ್ಷಯದಿಂದ ತೀರಿಕೊಂಡನು. ಸಹೋದ್ಯೋಗಿ ಜಾನ್ ಫ್ರೀಮನ್ ಆ ಕಾರ್ಯವನ್ನು ಮುಂದುವರಿಸಿದನು.

ಒಗ್ಗದ ವಸ್ತು ಒಳಹೊಕ್ಕಾಗ ‘ಐಜಿಇ’ ಎಂಬ ಪ್ರತಿಕಾಯವು ದೇಹದ ಕೆಲವು ಕಣಗಳನ್ನು ಕೆರಳಿಸುತ್ತದೆ. ಅವು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಸುರಿಸುತ್ತವೆ. ದೀರ್ಘ ಚಿಕಿತ್ಸೆಯಿಂದ ‘ಐಜಿಜಿ4’ ಎಂಬ ಬೇರೊಂದು ಪ್ರತಿಕಾಯ ಹೆಚ್ಚಿ, ಆ ವಸ್ತುವನ್ನು ನಡುದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಕೆರಳುವ ಸ್ವಭಾವವೂ ಮೆಲ್ಲಗೆ ತಗ್ಗುತ್ತದೆ.

ಉಬ್ಬಸವು ಹತೋಟಿಗೆ ಬಂದ ಮೇಲೆಯೇ ನನಗೆ ಚುಚ್ಚುಮದ್ದು ಆರಂಭವಾಯಿತು. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ, ತರುವಾಯ ತಿಂಗಳಿಗೊಮ್ಮೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ವ್ರತವಿದು. ಪ್ರತಿ ಸಲವೂ ಅರ್ಧ ಗಂಟೆ ವೈದ್ಯರ ಕಣ್ಣೆದುರೇ ಕುಳಿತಿರಬೇಕು. ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುವ ಪ್ರತಿಕ್ರಿಯೆ ಸಂಭವಿಸಬಹುದಾದುದರಿಂದ ಅಡ್ರಿನಲಿನ್ ಸಿದ್ಧವಾಗಿರಬೇಕು. ಮನೆಯಲ್ಲಿ ತಾವಾಗಿಯೇ ನಡೆಸುವ ಪ್ರಯೋಗ ಇದಲ್ಲ. ಎಲ್ಲರಿಗೂ ಸಮನಾಗಿ ಫಲಿಸುವುದೂ ಇಲ್ಲ.

ಮೊದಲ ವರ್ಷ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಬಿಟ್ಟುಬಿಡೋಣವೆಂದು ಹಲವು ಸಲ ಅನಿಸಿತು. ಎರಡನೆಯ ವರ್ಷ ರಾತ್ರಿಯ ನಿದ್ರೆ ಮರಳಿತು. ಕಳೆದ ಬೇಸಿಗೆಯಲ್ಲಿ ಇಡೀ ದಿನ ಗ್ರಂಥಭಂಡಾರದಲ್ಲಿ ಕುಳಿತು ಹಳೆಯ ಸಂಪುಟಗಳನ್ನು ತಿರುವಿಹಾಕಿದೆ. ಎರಡು ಸಲ ಸೀನಿದೆ, ಅಷ್ಟೆ.